ಹಳೇ ಕಾಲದ ಹುಡುಗರ ಸಾಹಸ ಸರಣಿಗಳು: ಬೆಂಗಳೂರಲ್ಲಿ ಹುಡುಕೋದು, ಆರಿಸೋದು, ಮಕ್ಕಳ ಕೈಗೆ ಕೊಡೋದು ಹೇಗೆ

ಇಬ್ಬರು ಹುಡುಗರು ಪತ್ತೇದಾರಿ ಮಾಡುವ ಅಮೆರಿಕದ ಹಾರ್ಡಿ ಬಾಯ್ಸ್ ಸರಣಿಯಲ್ಲಿ 'ದಿ ಮಿಸ್ಟರಿ ಆಫ್ ದಿ ಫ್ಲೈಯಿಂಗ್ ಎಕ್ಸ್‌ಪ್ರೆಸ್' ಅಂತ ಒಂದು ಪುಸ್ತಕ ಇದೆ. 1941ರ ಪಠ್ಯ ಸಿಕ್ಕರೆ ಅದರಲ್ಲಿ ಫ್ಲೈಯಿಂಗ್ ಎಕ್ಸ್‌ಪ್ರೆಸ್ ಅಂದರೆ ಒಂದು ರೈಲು. 1970ರ ಪಠ್ಯ ಸಿಕ್ಕರೆ ಅದು ನೀರಿನ ಮೇಲೆ ಹಾರಿದಂತೆ ಓಡುವ ಹೈಡ್ರೋಫಾಯಿಲ್ ದೋಣಿ. ಪುಸ್ತಕದ ಹೆಸರು ಅದೇ, ಲೇಖಕರ ಹೆಸರು ಅದೇ, ಫ್ರ್ಯಾಂಕ್ ಮತ್ತು ಜೋ ಅನ್ನುವ ಅಣ್ಣ ತಮ್ಮ ಕೂಡ ಅವರೇ. ಕಥೆ ಮಾತ್ರ ಪೂರ್ತಿ ಬೇರೆ.

ಹಳೇ ಸಾಹಸ ಸರಣಿಗಳನ್ನು ಕೊಳ್ಳಲು ಹೊರಟವರು ಮೊದಲು ತಿಳಿದುಕೊಳ್ಳಬೇಕಾದ್ದು ಇದನ್ನೇ. ರಕ್ಷಾಪುಟ ನೋಡಿ, ಹೆಸರು ನೋಡಿ ಪುಸ್ತಕ ತೆಗೆದುಕೊಂಡರೆ ಏನು ತೆಗೆದುಕೊಂಡಿರಿ ಅಂತ ಗೊತ್ತಾಗಲ್ಲ. ಒಳಗಿನ ಕಾಪಿರೈಟ್ ಪುಟ ತೆಗೆದು ಇಸವಿ ನೋಡಿ. ಚಿಕ್ಕಂದಿನಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು ಓದಿದ್ದನ್ನು ಈಗ ಮಗಳಿಗೋ ಅಣ್ಣನ ಮಗನಿಗೋ ಓದಿಸೋಣ ಅಂತ ಆಸೆಯಿಂದ ಒಂದು ಚೀಲ ತುಂಬಾ ತಂದು, ಮನೆಯಲ್ಲಿ ತೆಗೆದು ನೋಡಿ, 'ನಾನು ಓದಿದ್ದು ಇದಲ್ಲವಲ್ಲ' ಅನ್ನುವವರು ಎಷ್ಟೋ ಜನ ಇದ್ದಾರೆ. ಅವರ ನೆನಪು ತಪ್ಪಲ್ಲ. ನಿಜವಾಗಿಯೂ ಅದು ಬೇರೆ ಪುಸ್ತಕ.

ಹೀಗೆ ಯಾಕೆ ಆಯಿತು ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ಅದು ಗೊತ್ತಿದ್ದರೆ ಆರಿಸುವುದು ಸುಲಭ.

ಅಮೆರಿಕದಲ್ಲಿ ಎಡ್ವರ್ಡ್ ಸ್ಟ್ರೇಟ್‌ಮೇಯರ್ ಅಂತ ಒಬ್ಬರಿದ್ದರು. 1899ರಲ್ಲಿ ರೋವರ್ ಬಾಯ್ಸ್ ಅನ್ನುವ ಸರಣಿ ಶುರು ಮಾಡಿದರು, ಅದು ಚೆನ್ನಾಗಿ ಓಡಿತು. ಒಬ್ಬರೇ ಕೂತು ಎಷ್ಟು ಅಂತ ಬರೆಯುವುದು? ತಲೆಯಲ್ಲಿ ಕಥೆಗಳು ಜಾಸ್ತಿ, ಕೈ ಎರಡೇ. ಹಾಗಾಗಿ 1905ರ ಸುಮಾರಿಗೆ ಸ್ಟ್ರೇಟ್‌ಮೇಯರ್ ಸಿಂಡಿಕೇಟ್ ಅಂತ ಒಂದು ಸಂಸ್ಥೆಯನ್ನೇ ಕಟ್ಟಿದರು. ಈಗಿನ ಟಿವಿ ಸೀರಿಯಲ್‌ಗೆ ಕಥೆ ಒಬ್ಬರದು, ಸಂಭಾಷಣೆ ಇನ್ನೊಬ್ಬರದು ಇರುವ ಹಾಗೆ ಅಲ್ಲಿ ಕೆಲಸ ನಡೆಯುತ್ತಿತ್ತು. ಇವರು ಕೆಲವು ಪುಟಗಳಲ್ಲಿ ಕಥೆಯ ಸಾರಾಂಶ ಬರೆದು ಕೊಡುತ್ತಿದ್ದರು. ಬೇರೆ ಲೇಖಕರು ಅದನ್ನು ಹಿಗ್ಗಿಸಿ ಪುಸ್ತಕ ಮಾಡಿಕೊಡುತ್ತಿದ್ದರು. ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು, ಹಕ್ಕೆಲ್ಲ ಸಂಸ್ಥೆಯದು, ಬರೆದವರ ಹೆಸರು ಎಲ್ಲೂ ಬರಲ್ಲ. ಹಾರ್ಡಿ ಬಾಯ್ಸ್ ಪುಸ್ತಕದ ಮೇಲೆ ಕಾಣುವ ಫ್ರ್ಯಾಂಕ್ಲಿನ್ ಡಬ್ಲ್ಯೂ. ಡಿಕ್ಸನ್ ಅನ್ನುವ ಮನುಷ್ಯ ಯಾವತ್ತೂ ಇರಲಿಲ್ಲ. 1927ರಲ್ಲಿ ಬಂದ ಮೊದಲ ಪುಸ್ತಕಗಳನ್ನು ಬರೆದವರು ಕೆನಡಾದ ಪತ್ರಕರ್ತ ಲೆಸ್ಲಿ ಮ್ಯಾಕ್‌ಫರ್ಲೇನ್. ಶುರುವಿನಲ್ಲಿ ಅವರಿಗೆ ಒಂದು ಪುಸ್ತಕಕ್ಕೆ ಸಿಕ್ಕಿದ್ದು 125 ಡಾಲರ್. ಆಮೇಲೆ ಆ ಪುಸ್ತಕ ಲಕ್ಷಗಟ್ಟಲೆ ಮಾರಾಟವಾದರೂ ಅವರಿಗೆ ಅದರಿಂದ ಏನೂ ಬರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಯಾಕೆಂದರೆ ಆ ಮೊದಲ ಪುಸ್ತಕಗಳಲ್ಲಿ ಊಟದ ವರ್ಣನೆ, ಪೆದ್ದು ಪೊಲೀಸರ ತಮಾಷೆ ಎಲ್ಲವನ್ನೂ ಆ ಮನುಷ್ಯ ಮನಸ್ಸಿಟ್ಟು ಬರೆದಿದ್ದಾರೆ.

ಹಕ್ಕು ಪೂರ್ತಿ ಸಂಸ್ಥೆಯ ಕೈಯಲ್ಲೇ ಇದ್ದದ್ದರಿಂದ ಪಠ್ಯವನ್ನು ಹೇಗೆ ಬೇಕಾದರೂ ಬದಲಾಯಿಸಬಹುದಿತ್ತು. 1930ರಲ್ಲಿ ಸ್ಟ್ರೇಟ್‌ಮೇಯರ್ ತೀರಿಕೊಂಡ ಮೇಲೆ ಮಗಳು ಹ್ಯಾರಿಯೆಟ್ ಆಡಮ್ಸ್ ಸಂಸ್ಥೆ ನಡೆಸಿದರು. 1959ರಿಂದ 1973ರವರೆಗೆ ಹಾರ್ಡಿ ಬಾಯ್ಸ್‌ನ ಮೊದಲ 38 ಪುಸ್ತಕಗಳನ್ನು ಒಂದೊಂದಾಗಿ ತಿದ್ದಿಸಿ, ಕೆಲವನ್ನು ಪೂರ್ತಿ ಹೊಸದಾಗಿ ಬರೆಸಿ ಹೊರತಂದರು. ಹಳೆಯವುಗಳಲ್ಲಿ ಕಪ್ಪು ಜನರನ್ನು, ಚೀನಿಯರನ್ನು, ಹೊರಗಿಂದ ಬಂದವರನ್ನು ಕೀಳಾಗಿ ತೋರಿಸಿದ ಜಾಗಗಳಿದ್ದವು. ಅವನ್ನು ತೆಗೆಯಲೇಬೇಕಿತ್ತು. ಜೊತೆಗೆ ಪುಸ್ತಕವನ್ನು ಚಿಕ್ಕದು ಮಾಡಿ, ಓಟ ಜಾಸ್ತಿ ಮಾಡಿದರು. ಆ ಭರದಲ್ಲಿ ತಮಾಷೆಯೂ ನಿಧಾನವೂ ಹೋಯಿತು.

ಅಂಗಡಿಯಲ್ಲಿ ನಿಂತೇ ಗುರುತು ಹಿಡಿಯೋದು

ಕಾಪಿರೈಟ್ ಪುಟದಲ್ಲಿ ಎರಡು ಇಸವಿ ಇದ್ದರೆ, ಉದಾಹರಣೆಗೆ 1927 ಮತ್ತು 1959, ಅದು ತಿದ್ದಿದ ಪಠ್ಯ. ಹಳೇ ಇಸವಿ ಒಂದೇ ಇದ್ದರೆ ಮೂಲ ಪಠ್ಯ ಇರುವ ಸಂಭವ ಜಾಸ್ತಿ. ಆ ಪುಟ ಹರಿದು ಹೋಗಿದೆಯಾ? ವಿಷಯಸೂಚಿ ತೆಗೆದು ಅಧ್ಯಾಯ ಎಣಿಸಿ. ಮೂಲದಲ್ಲಿ ಸಾಮಾನ್ಯವಾಗಿ 25 ಅಧ್ಯಾಯ, ತಿದ್ದಿದ್ದರಲ್ಲಿ 20 ಅಥವಾ ಅದಕ್ಕಿಂತ ಕಡಿಮೆ. ಅದೂ ಇಲ್ಲವಾದರೆ ಮೊದಲ ಅಧ್ಯಾಯದಲ್ಲಿ ಹುಡುಗರ ವಯಸ್ಸು ಹುಡುಕಿ. ಮೊದಮೊದಲ ಪುಸ್ತಕಗಳಲ್ಲಿ ಫ್ರ್ಯಾಂಕ್‌ಗೆ 16, ಜೋಗೆ 15. ತಿದ್ದಿದ ಮೇಲೆ ಇಬ್ಬರಿಗೂ ಎರಡೆರಡು ವರ್ಷ ಜಾಸ್ತಿಯಾಗಿ 18 ಮತ್ತು 17 ಆಗಿದ್ದಾರೆ. ಈ ಗುರುತು ಯಾವ ಪ್ರಕಾಶಕರ ಪ್ರತಿಗಾದರೂ ನಡೆಯುತ್ತದೆ.

ನೀಲಿ ಬೆನ್ನಿನ ಗಟ್ಟಿ ರಟ್ಟಿನ ಅಮೆರಿಕನ್ ಪ್ರತಿಗಳು 1 ರಿಂದ 58ರವರೆಗೆ ಇವೆ. 1927ರಿಂದ 1979ರವರೆಗಿನ ಮೂಲ ಸಾಲು ಅಂದರೆ ಅದೇ. 39ರಿಂದ ಮುಂದಿನವುಗಳಿಗೆ ಈ ಎರಡು ಪಠ್ಯದ ತಲೆಬಿಸಿ ಇಲ್ಲ, ಧೈರ್ಯವಾಗಿ ತೆಗೆದುಕೊಳ್ಳಿ. ಇಂಗ್ಲೆಂಡಿನ ಆರ್ಮಡಾ ಪೇಪರ್‌ಬ್ಯಾಕ್‌ಗಳ ಮೇಲೆ ಇರುವ ನಂಬರು ಬೇರೆ ಲೆಕ್ಕದ್ದು. ಅಮೆರಿಕನ್ ನಂಬರಿಗೂ ಅದಕ್ಕೂ ತಾಳೆಯಾಗಲ್ಲ. ಆದ್ದರಿಂದ ಫೋನಿನಲ್ಲಿ ಪಟ್ಟಿ ಮಾಡಿಟ್ಟುಕೊಳ್ಳುವಾಗ ನಂಬರು ಬರೆಯಬೇಡಿ, ಹೆಸರು ಬರೆದುಕೊಳ್ಳಿ. ಇಲ್ಲದಿದ್ದರೆ ಒಂದೇ ಪುಸ್ತಕ ಎರಡು ಸಲ ಮನೆಗೆ ಬರುತ್ತದೆ.

ಇನ್ನೊಂದು ಎಚ್ಚರಿಕೆ. 'ಕೇಸ್‌ಫೈಲ್ಸ್' ಅಂತ ಬರೆದ ಹಾರ್ಡಿ ಬಾಯ್ಸ್ ಪೇಪರ್‌ಬ್ಯಾಕ್‌ಗಳೂ ಇವೆ. ಇವು 1987ರಿಂದ ಬಂದವು, ದೊಡ್ಡ ಹುಡುಗರಿಗೆ ಬರೆದದ್ದು. ಮೊದಲ ಪುಸ್ತಕದಲ್ಲೇ ಕಾರಿನಲ್ಲಿ ಬಾಂಬ್ ಸಿಡಿದು ಜೋ ಇಷ್ಟಪಡುತ್ತಿದ್ದ ಹುಡುಗಿ ಐಯೋಲಾ ಸತ್ತುಹೋಗುತ್ತಾಳೆ. ಒಂಬತ್ತು ವರ್ಷದ ಮಗುವಿಗೆ ಹಳೇ ಹಾರ್ಡಿ ಬಾಯ್ಸ್ ಅಂತ ತಿಳಿದು ಇದನ್ನು ಕೊಡಬೇಡಿ.

ಮೂಲವೋ ತಿದ್ದಿದ್ದೋ, ಯಾವುದು ಕೊಳ್ಳಬೇಕು? ಮಗು ತಾನೇ ಕೂತು ಓದುವುದಾದರೆ ತಿದ್ದಿದ್ದು ಸಾಕು. ನೀವು ಓದಲಿಕ್ಕೆ ಅಂದರೆ ಮೂಲವೇ ಆಗಬೇಕು. ಮೂಲದಲ್ಲಿ ಊರು ಇದೆ, ಹವಾಮಾನ ಇದೆ, ಹುಡುಗರು ಸುಮ್ನೆ ಕೂತು ಹರಟುತ್ತಾರೆ. ಆದರೆ ಮೂಲವನ್ನು ಮಗುವಿನ ಕೈಗೆ ಕೊಡುವ ಮೊದಲು ಒಂದು ಸಲ ನೀವು ಓದಿ. 1927ರ ಮೊದಲ ಮೂರು ಪುಸ್ತಕಗಳು 2023ರ ಜನವರಿ 1ರಿಂದ ಅಮೆರಿಕದಲ್ಲಿ ಕಾಪಿರೈಟ್‌ನಿಂದ ಹೊರಗೆ ಬಂದಿವೆ.

ಯಾವ ಸರಣಿಯಿಂದ ಶುರು ಮಾಡೋದು

ಹತ್ತು ಹನ್ನೊಂದು ವರ್ಷದ ಮಗು ಇದ್ದರೆ ನನ್ನ ಮೊದಲ ಮತ ಹಾರ್ಡಿ ಬಾಯ್ಸ್‌ಗೆ ಅಲ್ಲ, ತ್ರೀ ಇನ್ವೆಸ್ಟಿಗೇಟರ್ಸ್‌ಗೆ. 1964ರಲ್ಲಿ ರಾಬರ್ಟ್ ಆರ್ಥರ್ ಶುರು ಮಾಡಿದ ಸರಣಿ ಇದು. ಜೂಪಿಟರ್ ಜೋನ್ಸ್, ಪೀಟ್ ಕ್ರೆನ್‌ಶಾ, ಬಾಬ್ ಆಂಡ್ರ್ಯೂಸ್ ಅಂತ ಮೂರು ಹುಡುಗರು. ಕ್ಯಾಲಿಫೋರ್ನಿಯಾದ ರಾಕಿ ಬೀಚ್ ಅನ್ನುವ ಕಾಲ್ಪನಿಕ ಊರು. ಜೂಪಿಟರ್‌ನ ಚಿಕ್ಕಪ್ಪ ಟೈಟಸ್ ಒಂದು ಗುಜರಿ ಅಂಗಳ ನಡೆಸುತ್ತಾರೆ. ಆ ಗುಜರಿ ರಾಶಿಯ ಮಧ್ಯೆ, ಕಬ್ಬಿಣ, ಪೈಪು, ಮರದ ತುಂಡುಗಳ ಕೆಳಗೆ ಯಾರ ಕಣ್ಣಿಗೂ ಬೀಳದ ಹಾಗೆ ಹಳೇ ಟ್ರೇಲರ್ ಒಂದು ಮುಚ್ಚಿಹೋಗಿದೆ. ಅದೇ ಹುಡುಗರ ಆಫೀಸು. ಒಳಗೆ ಹೋಗಲು ಗುಟ್ಟಿನ ದಾರಿಗಳು. ಅದರಲ್ಲೊಂದು ಟನಲ್ ಟೂ: ದೊಡ್ಡ ಪೈಪಿನೊಳಗೆ ತೆವಳಿಕೊಂಡು ಹೋಗಿ, ತಲೆಯ ಮೇಲಿನ ಬಾಗಿಲನ್ನು ತಳ್ಳಿ ಒಳಗೆ ಹತ್ತಬೇಕು. ಒಳಗೆ ಮೇಜು, ಟೆಲಿಫೋನು, ಫೋಟೋ ತೊಳೆಯುವ ಚಿಕ್ಕ ಕತ್ತಲೆ ಕೋಣೆ. ಫೋನಿನ ಮಾತು ಮೂವರಿಗೂ ಕೇಳಲಿ ಅಂತ ಜೂಪಿಟರ್ ಹಳೇ ರೇಡಿಯೋದ ಸ್ಪೀಕರ್ ಜೋಡಿಸಿಟ್ಟಿರುತ್ತಾನೆ.

ಬೆಂಗಳೂರಿನ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ. ಗುಜರಿ ಅಂಗಡಿ ಅವರಿಗೆ ಗೊತ್ತು. ಹಳೇ ಫ್ಯಾನು, ತುಕ್ಕು ಹಿಡಿದ ಸೈಕಲ್ಲು, ಬೀರುವಿನ ಬಾಗಿಲು ಸೇರಿಸಿ ಪೇರಿಸಿದ ರಾಶಿಯ ಪಕ್ಕದಲ್ಲೇ ಶಾಲೆಗೆ ಹೋಗುತ್ತಾರೆ ಅಲ್ವಾ? ಈ ಕಥೆಯ ಹುಡುಗರಲ್ಲಿ ಜಗಜಟ್ಟಿಯಂಥ ವೀರರು ಯಾರೂ ಇಲ್ಲ. ಜೂಪಿಟರ್ ದಪ್ಪಗಿದ್ದಾನೆ, ಅವನ ಬಲ ತಲೆಯಲ್ಲಿದೆ. ಬಾಬ್ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾನೆ, ಹಳೇ ಪತ್ರಿಕೆ ತೆಗೆದು ಮಾಹಿತಿ ಹುಡುಕುತ್ತಾನೆ. ಪೀಟ್ ಗಟ್ಟಿಮುಟ್ಟಾಗಿದ್ದರೂ ದೆವ್ವ ಅಂದರೆ ಹೆದರುತ್ತಾನೆ, ಹೆದರಿದ್ದನ್ನು ಒಪ್ಪಿಕೊಳ್ಳುತ್ತಾನೆ. ದೆವ್ವದ ಹಾಗೆ ಕಂಡದ್ದಕ್ಕೆ ಕೊನೆಯಲ್ಲಿ ಸರಿಯಾದ ಕಾರಣ ಸಿಗುತ್ತದೆ, ಮತ್ತು ಓದುವ ಮಗುವಿಗೂ ಅದನ್ನು ಊಹಿಸುವ ಅವಕಾಶ ಇರುತ್ತದೆ.

ಇದರಲ್ಲೂ ಪಠ್ಯ ಬದಲಾಗಿದೆ. ಮೊದಲ ಪ್ರತಿಗಳಲ್ಲಿ ಸಿನಿಮಾ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಅವರೇ ಪಾತ್ರವಾಗಿ ಬಂದು ಮುನ್ನುಡಿ ಹೇಳುತ್ತಾರೆ, ಕೊನೆಯಲ್ಲಿ ಹುಡುಗರಿಂದ ವರದಿ ಕೇಳುತ್ತಾರೆ. ಬರೆದವರು ಅವರಲ್ಲ, ಹೆಸರು ಬಳಸಲು ಒಪ್ಪಿಗೆ ಮಾತ್ರ ಕೊಟ್ಟಿದ್ದರು. 1980ರಲ್ಲಿ ಅವರು ತೀರಿಕೊಂಡ ನಂತರ ಆ ಜಾಗಕ್ಕೆ ಹೆಕ್ಟರ್ ಸೆಬಾಸ್ಟಿಯನ್ ಅನ್ನುವ ಕಾಲ್ಪನಿಕ ಲೇಖಕನ ಪಾತ್ರ ಬಂತು, ಹಳೇ ಪುಸ್ತಕಗಳ ಹೊಸ ಅಮೆರಿಕನ್ ಮುದ್ರಣಗಳಲ್ಲೂ ಹಿಚ್‌ಕಾಕ್ ಹೋದರು. ಹಿಚ್‌ಕಾಕ್ ಇರುವ ಪ್ರತಿ ಸಿಕ್ಕರೆ ಬಿಡಬೇಡಿ. ಒಟ್ಟು 43 ಪುಸ್ತಕಗಳಲ್ಲಿ ಆರ್ಥರ್ ಬರೆದದ್ದು ಹತ್ತು: ಮೊದಲ ಒಂಬತ್ತು, ಆಮೇಲೆ 11ನೆಯದು. ಅವರು 1969ರಲ್ಲಿ ತೀರಿಕೊಂಡರು. ನಂತರ ಬೇರೆಯವರು ಬರೆದರು, ಅದರಲ್ಲೂ ಒಳ್ಳೆಯವು ಇವೆ. ಆದರೆ ಶುರು ಮಾಡುವುದು ಆರ್ಥರ್ ಬರೆದದ್ದರಿಂದಲೇ ಆಗಲಿ. ಒಳಪುಟದಲ್ಲಿ ಅವರ ಹೆಸರು ಇದೆಯಾ ನೋಡಿಕೊಳ್ಳಿ.

ವಿಮಾನದ ಹುಚ್ಚಿರುವ ಮಗುವಿಗೆ ಬಿಗಲ್ಸ್ ಅನ್ನುವ ಪೈಲಟ್‌ನ ಕಥೆಗಳು. ಅವನ್ನು ಬರೆದ ಡಬ್ಲ್ಯೂ. ಇ. ಜಾನ್ಸ್ ಮೊದಲ ಮಹಾಯುದ್ಧದಲ್ಲಿ ಪೈಲಟ್ ಆಗಿದ್ದವರು. 1918ರಲ್ಲಿ ಅವರ ವಿಮಾನವನ್ನು ಶತ್ರುಗಳು ಹೊಡೆದುರುಳಿಸಿ ಸೆರೆ ಹಿಡಿದಿದ್ದರು. 1932ರಲ್ಲಿ ಬಿಗಲ್ಸ್ ಕಥೆ ಬರೆಯಲು ಶುರು ಮಾಡಿ 1968ರಲ್ಲಿ ಸಾಯುವವರೆಗೂ ಬರೆಯುತ್ತಲೇ ಇದ್ದರು, ಸುಮಾರು ನೂರು ಪುಸ್ತಕ. ಬಿಗಲ್ಸ್ ಹುಟ್ಟಿದ್ದು ಭಾರತದಲ್ಲಿ ಅಂತಲೇ ಕಥೆ. ಬಂದ ಕ್ರಮದಲ್ಲಿ ಓದುವ ಅಗತ್ಯ ಇಲ್ಲ. 1935ರ 'ಬಿಗಲ್ಸ್ ಲರ್ನ್ಸ್ ಟು ಫ್ಲೈ' ಹಿಡಿದುಕೊಳ್ಳಿ. ಹದಿಹರೆಯದ ಹುಡುಗ ಮೊದಲ ಸಲ ಕಾಕ್‌ಪಿಟ್ ಹತ್ತುವುದು, ಭಯ, ಚಳಿ, ಎಂಜಿನ್ ಸದ್ದು ಎಲ್ಲ ಅನುಭವಿಸಿದವರು ಬರೆದದ್ದು ಅಂತ ಓದುತ್ತಲೇ ಗೊತ್ತಾಗುತ್ತದೆ. ಯುದ್ಧದ ಕಥೆಗಳು ಮೊದಲು ದೊಡ್ಡವರ ಪತ್ರಿಕೆಯಲ್ಲಿ ಬಂದಿದ್ದವು. ಹಾಗಾಗಿ ಒಂದು ಕಥೆಯಲ್ಲಿ ಎರಡು ಸ್ಕ್ವಾಡ್ರನ್‌ಗಳು ಪಂದ್ಯ ಕಟ್ಟಿದ ವಿಸ್ಕಿ ಪೆಟ್ಟಿಗೆ, 1950ರ ದಶಕದ ಮಕ್ಕಳ ಆವೃತ್ತಿಯಲ್ಲಿ ಲೆಮನೇಡ್ ಆಗಿದೆ. ಲೆಮನೇಡ್‌ಗಾಗಿ ಪೈಲಟ್‌ಗಳು ಪ್ರಾಣ ಒತ್ತೆ ಇಡುವುದು ಯಾಕೆ ಅಂತ ಮಗು ಕೇಳಿದರೆ ನಿಜವಾದ ಉತ್ತರ ಹೇಳಿ. ಎರಡನೇ ಮಹಾಯುದ್ಧದ ನಂತರದ ಬಿಗಲ್ಸ್ ಪುಸ್ತಕಗಳು ನನಗೆ ಅಷ್ಟು ಸೇರಲ್ಲ, ಒಂದೇ ಅಚ್ಚಿನವು ಅನ್ನಿಸುತ್ತವೆ. ಓದಿ ಮುಗಿಸಿದ ಮೇಲೆ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ವಿಮಾನಗಳ ಪಕ್ಕದಲ್ಲೇ ನಿಂತು ನೋಡಬಹುದು.

ಟಾಮ್ ಸ್ವಿಫ್ಟ್ ಕೂಡ ಸ್ಟ್ರೇಟ್‌ಮೇಯರ್ ಸಂಸ್ಥೆಯದೇ, 1910ರಿಂದ. ಹೊಸ ಹೊಸ ಯಂತ್ರ ಕಂಡುಹಿಡಿಯುವ ಹುಡುಗ. ಪೊಲೀಸರ ಟೇಸರ್ ಅನ್ನುವ, ಕರೆಂಟ್ ಶಾಕ್ ಕೊಡುವ ಸಾಧನದ ಹೆಸರು ಬಂದದ್ದು 1911ರ ಒಂದು ಟಾಮ್ ಸ್ವಿಫ್ಟ್ ಪುಸ್ತಕದ ಎಲೆಕ್ಟ್ರಿಕ್ ರೈಫಲ್‌ನಿಂದ. ಇದಕ್ಕೆ ಅಂಗಡಿ ಅಲೆಯಬೇಡಿ, ಹಳೆಯವು ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಕಪ್ಪು ಮನುಷ್ಯನೊಬ್ಬನನ್ನು ತಮಾಷೆಯ ಆಳಿನ ಹಾಗೆ ತೋರಿಸಿರುವುದು ಸಾಲು ಸಾಲಾಗಿ ಬರುತ್ತದೆ, ಮಗುವಿನ ಜೊತೆ ಕೂತು ಓದುವುದೇ ಒಳ್ಳೆಯದು. 1954ರಿಂದ ಬಂದ ಟಾಮ್ ಸ್ವಿಫ್ಟ್ ಜೂನಿಯರ್ ಬೇರೆ ಸರಣಿ, ಮಗನ ಕಥೆ, 33 ಪುಸ್ತಕ. ರಾಕೆಟ್ ಇಷ್ಟಪಡುವವರಿಗೆ ಅದು.

ಇನ್ನು ಜಿ. ಎ. ಹೆಂಟಿ. ಇವರು 1902ರಲ್ಲಿ ತೀರಿಕೊಂಡ ಇಂಗ್ಲಿಷ್ ಲೇಖಕ, ಹುಡುಗರಿಗಾಗಿ ಚರಿತ್ರೆಯ ಸಾಹಸ ಕಥೆಗಳನ್ನು ಬರೆದು ಬರೆದು ರಾಶಿ ಹಾಕಿದವರು. ಅದರಲ್ಲಿ ಒಂದು ನಮ್ಮದು, 'ದಿ ಟೈಗರ್ ಆಫ್ ಮೈಸೂರ್'. ಟಿಪ್ಪುವಿನ ಸೆರೆಯಲ್ಲಿದ್ದಾನೆ ಅಂತ ತಿಳಿದ ತಂದೆಯನ್ನು ಹುಡುಕಿಕೊಂಡು ಒಬ್ಬ ಹುಡುಗ ವೇಷ ಮರೆಸಿ ಮೈಸೂರು ರಾಜ್ಯದೊಳಗೆ ಬರುವ ಕಥೆ. ಇದನ್ನು ಕಥೆ ಅಂತ ಓದಿ, ಚರಿತ್ರೆ ಅಂತ ಓದಬೇಡಿ. ಇಂಗ್ಲಿಷರು ಮಾಡಿದ್ದೆಲ್ಲ ಸರಿ ಅನ್ನುವ ಲೆಕ್ಕದಲ್ಲೇ ಬರೆದದ್ದು. ಹನ್ನೆರಡು ಹದಿಮೂರು ದಾಟಿದ ಮಕ್ಕಳಿಗೆ ಮಾತ್ರ, ಅದೂ ಜೊತೆಯಲ್ಲಿ ಕೂತು. ಹೀಗೆ ಮಾಡಿ: ಪುಸ್ತಕ ಓದುವ ವಾರ ಕೆ.ಆರ್. ಮಾರ್ಕೆಟ್ ಹತ್ತಿರದ ಕೋಟೆಗೆ ಹೋಗಿ. ಹೈದರಾಲಿ ಕಟ್ಟಿಸಿದ ಕಲ್ಲಿನ ಕೋಟೆಯಲ್ಲಿ ಉಳಿದಿರುವುದು ದೆಹಲಿ ಬಾಗಿಲಿನ ಸುತ್ತಿನ ಸ್ವಲ್ಪ ಭಾಗ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸ್‌ನ ಸೈನ್ಯ ಇಲ್ಲಿ ಗೋಡೆ ಒಡೆದು ನುಗ್ಗಿತು ಅಂತ ಹೇಳುವ ಕಲ್ಲು ಗೋಡೆಯಲ್ಲಿದೆ. ಆ ಕಲ್ಲನ್ನು ಹಾಕಿಸಿದವರೂ ಇಂಗ್ಲಿಷರೇ. ಒಳಗೆ ಇದ್ದವರಿಗೆ ಆ ರಾತ್ರಿ ಹೇಗಿತ್ತು ಅಂತ ಮಗುವನ್ನು ಕೇಳಿ. ಹೆಂಟಿ ಬರೆಯದೆ ಬಿಟ್ಟದ್ದು ಅದನ್ನೇ.

ಕನ್ನಡದಲ್ಲಿ ಓದುವ ಮಗುವಿಗೆ

ಇಂಗ್ಲಿಷ್ ಇನ್ನೂ ಕಷ್ಟ ಅನ್ನುವ ಮಗುವನ್ನು ಹಾರ್ಡಿ ಬಾಯ್ಸ್ ಮುಂದೆ ಕೂರಿಸಿ ಹಿಂಸೆ ಮಾಡಬೇಡಿ. ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಅವರ ಕಾಡಿನ ಕಥೆಗಳನ್ನು ಕೊಡಿ, ನಾಲ್ಕು ಭಾಗ ಇವೆ. ಆಂಡರ್ಸನ್ ಬೆಂಗಳೂರಲ್ಲೇ ಬದುಕಿದವರು, 1974ರಲ್ಲಿ ತೀರಿಕೊಂಡರು. 'ಜಾಲಹಳ್ಳಿಯ ಕುರ್ಕ', 'ಮುನಿಶಾಮಿ ಮತ್ತು ಮಾಗಡಿ ಚಿರತೆ' ಅನ್ನುವ ಹೆಸರು ನೋಡಿದರೇ ಮಗು ಪುಸ್ತಕ ತೆಗೆಯುತ್ತದೆ. ಈಗ ಮೆಟ್ರೋ ಓಡುವ ಜಾಲಹಳ್ಳಿಯಲ್ಲಿ ಚಿರತೆ ಓಡಾಡುತ್ತಿತ್ತು ಅಂದರೆ ಯಾರಿಗೆ ಕುತೂಹಲ ಬರಲ್ಲ? ಇವು ಹೊಸದಾಗಿಯೇ ಸಿಗುತ್ತವೆ. ಗಾಂಧಿ ಬಜಾರಿನ ಅಂಕಿತ, ಗಾಂಧಿನಗರದ ಸಪ್ನಾ, ನವಕರ್ನಾಟಕ, ಎಲ್ಲಿ ಬೇಕಾದರೂ ಕೇಳಿ.

ಸ್ವಲ್ಪ ದೊಡ್ಡವರಿಗೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿವೆ. ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿದವರು. ಓದಿದ್ದು ನಾಲ್ಕನೇ ಕ್ಲಾಸು, ಬರೆದದ್ದು ಐನೂರರ ಹತ್ತಿರ. ಕರ್ನಾಟಕದಲ್ಲಿ ಎಷ್ಟೋ ಜನಕ್ಕೆ ಓದುವ ಚಟ ಹತ್ತಿಸಿದ್ದೇ ಅವರು. ಅವರ ಹಳೇ ಪ್ರತಿಗಳು ಅಗ್ಗದ ಕಾಗದದವು, ಮುಟ್ಟಿದರೆ ಪುಡಿಯಾಗುತ್ತವೆ. ಆದ್ದರಿಂದ ಕಂಡಾಗಲೇ ತೆಗೆದುಕೊಳ್ಳಿ. ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿ ಕೂಡ ಪತ್ತೇದಾರಿ ಕಾದಂಬರಿ ಬರೆದವರು ಅಂತ ಹೊಸ ತಲೆಮಾರಿನವರಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅವರದ್ದು ಸಿಕ್ಕರೆ ಅದೃಷ್ಟ.

ಎಲ್ಲಿ ಹುಡುಕೋದು, ಏನು ನೋಡೋದು

ಎಂ.ಜಿ. ರೋಡ್ ಮೆಟ್ರೋದಲ್ಲಿ ಇಳಿದು ಚರ್ಚ್ ಸ್ಟ್ರೀಟ್. ಬ್ಲಾಸಮ್, ಬುಕ್‌ವರ್ಮ್ ಎರಡರಲ್ಲೂ ಹಳೇ ಮಕ್ಕಳ ಪುಸ್ತಕಗಳ ಕಪಾಟು ನೋಡಿ. ಬೆನ್ನು ಕಾಣುವ ಮೇಲಿನ ಸಾಲಿನಲ್ಲೇ ನಿಲ್ಲಬೇಡಿ, ಕೆಳಗಿನ ಸಾಲು, ಹಿಂದಿನ ಸಾಲು, ನೆಲದ ಮೇಲಿನ ಕಟ್ಟು ನೋಡಿ. ಬ್ರಿಗೇಡ್ ರೋಡಿನ ಅಡ್ಡರಸ್ತೆಯ ಸೆಲೆಕ್ಟ್ ಬುಕ್ ಶಾಪ್ 1945ರಿಂದ ಇರುವ ಅಂಗಡಿ. ಹೆಂಟಿಯಂಥ ತೀರಾ ಹಳೆಯದು ಬೇಕಾದರೆ ಅಲ್ಲಿ ಕೇಳಿ. ಅಗ್ಗಕ್ಕೆ ಬೇಕು, ಅಲೆದಾಡಲು ತಯಾರು ಅನ್ನುವವರಿಗೆ ಅವೆನ್ಯೂ ರೋಡ್. ಚಿಕ್ಕಪೇಟೆ ಮೆಟ್ರೋದಿಂದ ಹತ್ತಿರ. ಅಲ್ಲಿ ಪಠ್ಯಪುಸ್ತಕ, ಗೈಡುಗಳೇ ಜಾಸ್ತಿ, ಮಧ್ಯೆ ಮಧ್ಯೆ ಕಥೆ ಪುಸ್ತಕ. ನರಸಿಂಹಯ್ಯ ಸಿಗುವುದಾದರೆ ಇಲ್ಲೇ. ಬೆಳಿಗ್ಗೆ ಬೇಗ ಹೋಗಿ, ಹತ್ತು ಪುಸ್ತಕ ಒಟ್ಟಿಗೆ ಆರಿಸಿಟ್ಟು ಆಮೇಲೆ ರೇಟು ಕೇಳಿ. ಒಂದೊಂದಕ್ಕೇ ಚೌಕಾಸಿ ಮಾಡಿದರೆ ಕಡಿಮೆ ಮಾಡಲ್ಲ.

ನಿಮ್ಮ ಏರಿಯಾದ ಹಳೇ ಪೇಪರ್ ಅಂಗಡಿಯವರನ್ನೂ ಮರೆಯಬೇಡಿ. ಮಲ್ಲೇಶ್ವರ, ಬಸವನಗುಡಿ, ಜಯನಗರದ ಹಳೇ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ, ಇಲ್ಲವೇ ಮೇ ತಿಂಗಳಲ್ಲಿ ಬಾಡಿಗೆ ಮನೆ ಬದಲಾಯಿಸುವಾಗ ಪುಸ್ತಕದ ಕಟ್ಟುಗಳು ತೂಕಕ್ಕೆ ಹೋಗುತ್ತವೆ. 'ಅಣ್ಣ, ಇಂಗ್ಲಿಷ್ ಕಥೆ ಪುಸ್ತಕ ಬಂದರೆ ಪಕ್ಕಕ್ಕೆ ಇಟ್ಟಿರಿ, ಪೇಪರ್ ರೇಟಿಗಿಂತ ಜಾಸ್ತಿ ಕೊಡ್ತೀನಿ' ಅಂತ ನಂಬರು ಕೊಟ್ಟು ಬನ್ನಿ. ಹೇಳಿದ ಮಾತಿನ ಹಾಗೆ ಜಾಸ್ತಿಯೇ ಕೊಡಿ.

ಪುಸ್ತಕ ಕೈಗೆ ಬಂದ ಮೇಲೆ ಮೊದಲು ಕೊನೆಯ ಹತ್ತು ಪುಟ ನೋಡಿ. ರಹಸ್ಯದ ಪುಸ್ತಕದಲ್ಲಿ ಕಡೇ ಹಾಳೆ ಇಲ್ಲದಿದ್ದರೆ ಮಿಕ್ಕಿದ್ದೆಲ್ಲ ಇದ್ದೂ ಪ್ರಯೋಜನವಿಲ್ಲ. ಲೈಬ್ರರಿ ಸುತ್ತಿ ಬಂದ ಪ್ರತಿಗಳಲ್ಲಿ ಮೊದಲು ಹೋಗುವುದೂ ಅದೇ. ಆಮೇಲೆ ನಡುವೆ ಮೆಲ್ಲಗೆ ತೆರೆಯಿರಿ. ಪೇಪರ್‌ಬ್ಯಾಕ್‌ನ ಬೆನ್ನಿನ ಗೋಂದು ಒಣಗಿ ಪಟ್ ಅಂತ ಸೀಳಿದರೆ ಹಾಳೆಗಳು ಒಂದೊಂದಾಗಿ ಕಳಚುತ್ತವೆ. ಹಾಳೆ ಹಳದಿಯಾದರೆ ಪರವಾಗಿಲ್ಲ. ಅಂಚಿನಲ್ಲಿ ಸಣ್ಣ ತೂತು, ಮಧ್ಯೆ ಮಣ್ಣಿನ ಪುಡಿ ಕಂಡರೆ ಹುಳು ಅಥವಾ ಗೆದ್ದಲು, ಬಿಟ್ಟುಬಿಡಿ. ರಕ್ಷಾಪುಟದ ಚಿತ್ರ ಮಸುಕಾಗಿ, ಅಕ್ಷರ ಓರೆಯಾಗಿ, ಕಾಗದ ತೆಳ್ಳಗೆ ಇದ್ದರೆ ಅದು ಕದ್ದು ಮುದ್ರಿಸಿದ್ದು, ಅದೂ ಬೇಡ. ಲೈಬ್ರರಿ ಸೀಲು, ಯಾರದೋ ಹುಟ್ಟುಹಬ್ಬಕ್ಕೆ ಬರೆದ ಸಾಲು ಇದ್ದರೆ ಇರಲಿ. ನನಗಂತೂ ಅಂಥವೇ ಇಷ್ಟ.

ಮನೆಗೆ ತಂದ ಮೇಲೆ

ನೇರವಾಗಿ ಮನೆಯ ಕಪಾಟಿಗೆ ಸೇರಿಸಬೇಡಿ, ಒಂದರ ಹುಳು ಎಲ್ಲಕ್ಕೂ ಹತ್ತುತ್ತದೆ. ಒಣಗಿದ ಬಟ್ಟೆಯಿಂದ ಒರೆಸಿ, ಗಾಳಿ ಬರುವ ಕಡೆ ನೆರಳಲ್ಲಿ ಒಂದು ದಿನ ತೆರೆದಿಡಿ. ಆಮೇಲೆ ಜಿಪ್ ಕವರಿನಲ್ಲಿ ಗಾಳಿ ಹೋಗದ ಹಾಗೆ ಮುಚ್ಚಿ ಎರಡು ವಾರ ಫ್ರೀಜರ್‌ನಲ್ಲಿಡಿ. ತೆಗೆದ ತಕ್ಷಣ ಕವರು ಬಿಚ್ಚಬೇಡಿ, ಹೊರಗಿನ ಬಿಸಿಗೆ ಬಂದ ಮೇಲೆ ಬಿಚ್ಚಿ, ಇಲ್ಲದಿದ್ದರೆ ಹಾಳೆ ಬೆವರುತ್ತದೆ. ಹರಿದದ್ದಕ್ಕೆ ಸೆಲ್ಲೋಟೇಪ್ ಹಾಕಬೇಡಿ, ಕೆಲವೇ ವರ್ಷದಲ್ಲಿ ಕಂದು ಕಲೆ ಉಳಿದು ಟೇಪು ಉದುರುತ್ತದೆ.

ಹಾಳೆ ಕಳಚುತ್ತಿದ್ದರೆ ಬೈಂಡರ್ ಹತ್ತಿರ ಕೊಡಿ. ಕೊಡುವಾಗ ಎರಡು ಮಾತು ಸ್ಪಷ್ಟವಾಗಿ ಹೇಳಿ. ಅಂಚು ಕಟಿಂಗ್ ಮಾಡಬಾರದು. ಆರ್ಮಡಾದಂಥ ಚಿಕ್ಕ ಪೇಪರ್‌ಬ್ಯಾಕ್‌ಗಳಲ್ಲಿ ಅಂಚೇ ಕಡಿಮೆ, ಕತ್ತರಿಸಿದರೆ ಸಾಲಿನ ಕೊನೆಯ ಅಕ್ಷರವೂ ಹೋಗುತ್ತದೆ. ಎರಡನೆಯದು, ಹಳೇ ರಕ್ಷಾಪುಟವನ್ನು ಎಸೆಯದೆ ಹೊಸ ರಟ್ಟಿನ ಒಳಗೆ ಸೇರಿಸಿ ಹೊಲಿಯಬೇಕು. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಚೀಟಿ ಬರೆದು ಪುಸ್ತಕದೊಳಗೆ ಇಟ್ಟುಬಿಡಿ. ಮಕ್ಕಳು ದಿನಾ ಮುಟ್ಟುವ ಪ್ರತಿಗೆ ಬ್ರೌನ್ ಪೇಪರ್ ಬೈಂಡ್ ಹಾಕಿದರೆ ಸಾಕು. ಮಳೆಗಾಲದಲ್ಲಿ ಕಪಾಟನ್ನು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಎಳೆದಿಡಿ.

ಓದಿಸುವ ವಿಷಯಕ್ಕೆ ಬಂದರೆ, ಮೊದಲ ಎರಡು ಅಧ್ಯಾಯ ನೀವೇ ಜೋರಾಗಿ ಓದಿ. ಸ್ಟ್ರೇಟ್‌ಮೇಯರ್ ಸಂಸ್ಥೆಯ ಪುಸ್ತಕಗಳಲ್ಲಿ ಶುರುವಿನಲ್ಲಿ ಎಲ್ಲೋ ಒಂದು ಕಡೆ ಕಥೆ ನಿಂತು, ಹಿಂದಿನ ಪುಸ್ತಕಗಳಲ್ಲಿ ಏನಾಯಿತು ಅಂತ ಹೇಳುವ ಪ್ಯಾರಾ ಬರುತ್ತದೆ. ಅದು ಹಿಂದಿನ ಪುಸ್ತಕ ಮಾರಲು ಇಟ್ಟದ್ದು, ಹಾರಿಸಿ. ಅಧ್ಯಾಯದ ಕೊನೆಯಲ್ಲಿ ಮಾತ್ರ ಯಾವಾಗಲೂ ಏನಾದರೂ ಆಗುತ್ತದೆ: ದೀಪ ಆರುತ್ತದೆ, ಕಾಲು ಜಾರುತ್ತದೆ, ಯಾರೋ ಬಾಗಿಲು ಹೊರಗಿಂದ ಹಾಕುತ್ತಾರೆ. ಸಾರಾಂಶ ಬರೆಯುವಾಗಲೇ ಹಾಗೆ ಹೆಣೆಯುತ್ತಿದ್ದರು. ಸರಿಯಾಗಿ ಅಲ್ಲಿಗೆ ನಿಲ್ಲಿಸಿ, ಪುಸ್ತಕ ಮಗುವಿನ ಹತ್ತಿರ ಬಿಟ್ಟು ಎದ್ದು ಹೋಗಿ. ಹುಡುಗರ ಸರಣಿ ಅಂತ ಹೆಣ್ಣುಮಕ್ಕಳಿಂದ ದೂರ ಇಡಬೇಡಿ. ಆ ಹೆಸರು ಅಂಗಡಿಯವರು ಕೊಟ್ಟದ್ದು, ನಮ್ಮ ಮನೆಗಳಲ್ಲಿ ಅಕ್ಕ ತಂಗಿಯರು ಯಾವತ್ತೂ ಓದಿದ್ದಾರೆ. 1930ರಲ್ಲಿ ಅದೇ ಸಂಸ್ಥೆಯಿಂದ ಶುರುವಾದ, ಹುಡುಗಿಯೇ ಪತ್ತೇದಾರಿ ಮಾಡುವ ನ್ಯಾನ್ಸಿ ಡ್ರೂ ಪುಸ್ತಕಗಳನ್ನು ಗಂಡುಮಕ್ಕಳಿಗೂ ಕೊಡಿ. ಅದರಲ್ಲೂ 1959ರಿಂದ ಹೀಗೇ ಪಠ್ಯ ಬದಲಾಗಿದೆ, ಅಲ್ಲೂ ಇಸವಿ ನೋಡುವುದು ತಪ್ಪಿದ್ದಲ್ಲ.

ಮಗು ಒಂದು ಸರಣಿಯಲ್ಲಿ ಐದಾರು ಓದಿ 'ಎಲ್ಲಾ ಒಂದೇ ಥರ ಇದೆ' ಅಂದರೆ ಬಲವಂತ ಮಾಡಬೇಡಿ, ಬೇರೆ ಸರಣಿ ಕೊಡಿ. ನಿಜಕ್ಕೂ ಒಂದೇ ಥರ ಇವೆ, ಅದನ್ನು ಕಂಡುಹಿಡಿದಿದೆ ಅಂದರೆ ಚೆನ್ನಾಗಿ ಓದುತ್ತಿದೆ ಅಂತ ಅರ್ಥ. ಓದಿ ಮುಗಿದದ್ದು, ಎರಡೆರಡು ಬಂದದ್ದು ಇದ್ದರೆ ಹಳೇ ಪುಸ್ತಕದ ಅಂಗಡಿಯಲ್ಲಿ ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ, ಕೆಲವರು ಅದರ ಬದಲಿಗೆ ಬೇರೆ ಪುಸ್ತಕ ಕೊಡುತ್ತಾರೆ. ಆದರೆ ಒಂದೇ ಹೆಸರಿನ ಎರಡು ಪ್ರತಿ ಇದ್ದರೆ ಮೊದಲು ಎರಡರ ಇಸವಿ ನೋಡಿ. ಒಂದು 1941ರದ್ದು, ಇನ್ನೊಂದು 1970ರದ್ದು ಆಗಿದ್ದರೆ ಎರಡನ್ನೂ ಇಟ್ಟುಕೊಳ್ಳಿ.